ಕುಚ್ಚಲಕ್ಕಿಯ ಹೆಸರು ಗದ್ದೆಗೋ, ಮಿಲ್ಲಿಗೋ?

ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಹಲವು ವರ್ಷಗಳಾಗಿವೆ. ಮಟ್ಟುಗುಳ್ಳಕ್ಕೆ ಅದು 2011ರಲ್ಲಿ ಲಭಿಸಿತು. ನೆರೆಯ ಕೇರಳವು ಪಾಲಕ್ಕಾಡನ್ ಮಟ್ಟ, ಪೊಕ್ಕಾಳಿ, ಕೈಪಾಡ್ ಅಕ್ಕಿಗಳನ್ನು ಈ ಪಟ್ಟಿಗೆ ಸೇರಿಸಿಕೊಂಡಿದೆ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನಿತ್ಯದ ಊಟವಾದ ಕೆಂಪು ಕುಚ್ಚಲಕ್ಕಿ ಮಾರುಕಟ್ಟೆಗೆ ಬರುವುದು ಸಾಮಾನ್ಯವಾಗಿ ಮಿಲ್ಲಿನ ಬ್ರಾಂಡ್ ಹೊತ್ತು. ಚೀಲದೊಳಗಿನ ಭತ್ತ ಯಾವ ಬೈಲಿನಲ್ಲಿ ಬೆಳೆಯಿತೆಂಬುದು ಕೊಳ್ಳುವವನಿಗೆ ತಿಳಿಯದು. ಹೊರಜಿಲ್ಲೆಗಳ ಭತ್ತ ಕರಾವಳಿಯ ಮಿಲ್ಲುಗಳಲ್ಲಿ ಬೆಂದು ಕುಚ್ಚಲಕ್ಕಿಯಾಗುವುದು ಹೊಸ ಸಂಗತಿಯೇನಲ್ಲ.

ಹಾಗಾದರೆ ಈ ಅಕ್ಕಿಗೂ ಊರಿನ ಹೆಸರನ್ನು ನೋಂದಾಯಿಸಿದರೆ ಸಮಸ್ಯೆ ಬಗೆಹರಿಯುವುದೇ? ಹೆಸರು ದೊರೆಯುವುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ. ಆ ಹೆಸರು ಗದ್ದೆಗೆ ಸೇರಬೇಕೋ, ಮಿಲ್ಲಿಗೆ ಸೇರಬೇಕೋ? ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ ದೇಶ ಪೋರ್ಚುಗಲ್.

ಕಲ್ಲು ನೆಟ್ಟು ಬರೆದ ಗಡಿ

ಪೋರ್ಚುಗಲ್ ನಮ್ಮ ಕರಾವಳಿಗೆ ಅಪರಿಚಿತವಲ್ಲ. ಕುಂದಾಪುರದ ಪಕ್ಕದ ಬಸರೂರಿನ ಅಕ್ಕಿಗಾಗಿ ಪೋರ್ಚುಗೀಸರು 16ನೇ ಶತಮಾನದಲ್ಲಿ ಹೋರಾಡಿದರು, ಕೋಟೆ ಕಟ್ಟಿದರು. ಗೋವೆಯ ಊಟ ಬಹುಮಟ್ಟಿಗೆ ಕೆನರಾ ಅಕ್ಕಿಯನ್ನೇ ಅವಲಂಬಿಸಿತ್ತು. ಈ ಕರಾವಳಿಯ ಅಕ್ಕಿಯಲ್ಲಿ ಹಲವು ದರ್ಜೆಗಳಿವೆ, ಒಂದೊಂದಕ್ಕೂ ಬೇರೆ ಹೆಸರು, ಬೇರೆ ಬೆಲೆ ಇದೆ ಎಂದು ಆ ಶತಮಾನದ ಆರಂಭದಲ್ಲೇ ದುವಾರ್ತೆ ಬಾರ್ಬೋಸಾ ದಾಖಲಿಸಿದ್ದಾನೆ.

ಅದೇ ದೇಶದ ಡೌರೊ ನದಿ ಕಣಿವೆಯ ದ್ರಾಕ್ಷಾರಸ 18ನೇ ಶತಮಾನದಲ್ಲಿ ಕಲಬೆರಕೆಯ ಕಳಂಕಕ್ಕೆ ಒಳಗಾಯಿತು. ಬಣ್ಣ ಬರಲೆಂದು ಎಲ್ಡರ್‌ಬೆರಿ ಹಣ್ಣಿನ ರಸವನ್ನು ಬೆರೆಸುತ್ತಿದ್ದರು, ಬೆಲೆ ಕುಸಿಯಿತು. 1756ರಲ್ಲಿ, ಮುಂದೆ ಮಾರ್ಕ್ವಿಸ್ ಆಫ್ ಪೊಂಬಾಲ್ ಎಂದು ಹೆಸರಾದ ಮಂತ್ರಿಯು ಕಂಪೆನಿಯೊಂದನ್ನು ಸ್ಥಾಪಿಸಿ, ಪೋರ್ಟ್ ವೈನ್ ತಯಾರಿಗೆ ಯೋಗ್ಯವಾದ ಭೂಮಿಯ ಗಡಿ ಗುರುತಿಸಲು ಆಜ್ಞಾಪಿಸಿದನು. ಆ ಗಡಿಯುದ್ದಕ್ಕೂ ನೆಟ್ಟ ಗ್ರಾನೈಟ್ ಕಂಬಗಳಲ್ಲಿ ಹಲವು ಇಂದಿಗೂ ನಿಂತಿವೆ.

ಇಂದಿನ ಪೋರ್ಚುಗಲ್‌ನ ವರ್ಗೀಕರಣ ಮೂರು ಮೆಟ್ಟಿಲಿನದು. ಮೇಲಿನದು ಡಿಓಸಿ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಇದಕ್ಕೆ ಸಮನಾದದ್ದು ಡಿಓಪಿ. ಇಂಥ ಪ್ರದೇಶಗಳು 31. ಇಲ್ಲಿ ದ್ರಾಕ್ಷಿಯೆಲ್ಲವೂ ಗಡಿಯೊಳಗೇ ಬೆಳೆದಿರಬೇಕು. ಎರಡನೆಯದು ವಿನ್ಯೊ ರೆಜಿಯೊನಾಲ್, ಅಂದರೆ ಪ್ರಾದೇಶಿಕ ವೈನ್. ಇವುಗಳ ಸಂಖ್ಯೆ 14, ಶೇ. 85ರಷ್ಟು ದ್ರಾಕ್ಷಿ ಆ ಪ್ರದೇಶದ್ದಾದರೆ ಸಾಕು. ಮೂರನೆಯದು ಪ್ರದೇಶದ ಹೆಸರು ಹೇಳಿಕೊಳ್ಳಲಾಗದ ಸಾಮಾನ್ಯ ವೈನ್. ಮೂರೂ ಕಾನೂನುಬದ್ಧವೇ. ಆದರೆ ಯಾವುದು ಎಷ್ಟು ಹೇಳಿಕೊಳ್ಳಬಹುದೆಂಬುದಕ್ಕೆ ಮಿತಿಯಿದೆ.

ಡೌರೊದಲ್ಲಿ ವಿಂಗಡಣೆ ಇನ್ನೂ ಸೂಕ್ಷ್ಮ. ಎತ್ತರ, ಇಳಿಜಾರು, ಮಣ್ಣು, ಬಿಸಿಲಿನ ದಿಕ್ಕು, ಬಳ್ಳಿಯ ವಯಸ್ಸು ಮುಂತಾದ 12 ಅಂಶಗಳಿಗೆ ಅಂಕ ನೀಡಿ ಪ್ರತಿಯೊಂದು ತೋಟದ ತುಂಡಿಗೂ ಅಕ್ಷರದ ದರ್ಜೆ ಕೊಡಲಾಗುತ್ತದೆ. ಯಾವ ತುಂಡಿನಿಂದ ಎಷ್ಟು ಪೋರ್ಟ್ ವೈನ್ ತಯಾರಿಸಬಹುದೆಂಬುದು ಈ ದರ್ಜೆಯನ್ನು ಅವಲಂಬಿಸಿದೆ. ಸರಕಾರಿ ಸಂಸ್ಥೆಯು ರುಚಿ ಪರೀಕ್ಷಿಸಿದ ನಂತರವಷ್ಟೇ ಸೀಸೆಗೆ ಮುದ್ರೆ ಬೀಳುತ್ತದೆ.

ನಮ್ಮ ಕಾನೂನಿನ ಒಂದೇ ಮೆಟ್ಟಿಲು

ಭಾರತದ ಭೌಗೋಳಿಕ ಸೂಚಕ ಕಾಯ್ದೆ 1999ರದು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಚೆನ್ನೈಯ ನೋಂದಣಿ ಕಚೇರಿಯಲ್ಲಿ ಹತ್ತು ವರ್ಷಗಳ ಅವಧಿಗೆ ನೋಂದಣಿಯಾಗುತ್ತದೆ, ಅನಂತರ ನವೀಕರಿಸಬಹುದು. ಆದರೆ ಇಲ್ಲಿರುವುದು ಒಂದೇ ದರ್ಜೆ. ತಯಾರಿಸಿದ ವಸ್ತುವಾದರೆ ಉತ್ಪಾದನೆ, ಸಂಸ್ಕರಣೆ ಅಥವಾ ಸಿದ್ಧತೆ, ಇವುಗಳಲ್ಲಿ ಯಾವುದಾದರೊಂದು ಆ ಪ್ರದೇಶದೊಳಗೆ ನಡೆದರೆ ಸಾಕೆಂದು ಕಾಯ್ದೆ ಹೇಳುತ್ತದೆ.

ಕುಚ್ಚಲಕ್ಕಿಯ ವಿಷಯದಲ್ಲಿ ತೊಡಕಿರುವುದು ಇಲ್ಲೇ. ಅದು ಬೆಳೆಯೂ ಹೌದು, ಬೇಯಿಸಿ, ಒಣಗಿಸಿ, ಮಿಲ್ಲು ಮಾಡಿದ ವಸ್ತುವೂ ಹೌದು. ಅರ್ಜಿಯಲ್ಲಿ ಅದನ್ನು ತಯಾರಿಸಿದ ವಸ್ತುವೆಂದು ಬಣ್ಣಿಸಿ, ಸಂಸ್ಕರಣೆಯನ್ನೇ ಮುಖ್ಯ ಲಕ್ಷಣವಾಗಿಸಿದರೆ, ಎಲ್ಲಿಂದಲೋ ಬಂದ ಭತ್ತವೂ ಇಲ್ಲಿ ಬೆಂದ ಮಾತ್ರಕ್ಕೆ ಈ ನೆಲದ ಹೆಸರು ಪಡೆಯಬಹುದು. ಗದ್ದೆಯವನಿಗೆ ಆಗ ಸಿಗುವ ಲಾಭವೇನು? ಕೂಲಿಯ ಹೊರೆ, ಕಾಡುಹಂದಿ ಮತ್ತು ನವಿಲುಗಳ ಕಾಟ, ನೆರೆ, ಉಪ್ಪುನೀರು, ಇವುಗಳ ನಡುವೆ ಗದ್ದೆಗಳು ಹಡಿಲು ಬೀಳುತ್ತಿವೆ. 2021ರಲ್ಲಿ ಉಡುಪಿ ವಿಧಾನಸಭಾ ಕ್ಷೇತ್ರದಲ್ಲಿ ಕೇದಾರೋತ್ಥಾನ ಟ್ರಸ್ಟ್ ಮೂಲಕ ಹಡಿಲು ಗದ್ದೆಗಳಲ್ಲಿ ಮತ್ತೆ ನಾಟಿ ಮಾಡಿಸಬೇಕಾಗಿ ಬಂದದ್ದು ಈ ಕಾರಣದಿಂದಲೇ. ನೆಲದ ಹೆಸರಿನ ಬೆಲೆ ನೆಲವನ್ನು ಉತ್ತವನಿಗೆ ತಲುಪದಿದ್ದರೆ ಮುದ್ರೆ ಉಳಿದೀತು, ಗದ್ದೆ ಉಳಿಯದು.

ಬೈಲು, ಮಜಲು, ಬೆಟ್ಟು

ವರ್ಗೀಕರಣವನ್ನು ನಾವು ಪೋರ್ಚುಗಲ್‌ನಿಂದ ಕಲಿಯಬೇಕಾಗಿಲ್ಲ. ಕರಾವಳಿಯ ರೈತರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಹಿಂದಿನಿಂದಲೂ ವಿಂಗಡಿಸಿಕೊಂಡು ಬಂದಿದ್ದಾರೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲಿನಲ್ಲಿ ಎರಡು ಅಥವಾ ಮೂರು ಬೆಳೆ, ನಡುವಣ ಮಜಲಿನಲ್ಲಿ ಎರಡು, ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು. ಬ್ರಿಟಿಷರ ಕಂದಾಯ ದಾಖಲೆಗಳೂ ಇದನ್ನು ಒಪ್ಪಿಕೊಂಡಿವೆ. ಬೈಂದೂರು, ಬ್ರಹ್ಮಾವರಗಳು ತಾಲ್ಲೂಕುಗಳಾದದ್ದು 2018ರಲ್ಲಿ. ಅಕ್ಕಿಯ ಗಡಿಯನ್ನು ಈ ಹೊಸ ಆಡಳಿತ ರೇಖೆಗಿಂತ ಹಳೆಯ ಗದ್ದೆಯ ಲೆಕ್ಕದಿಂದ ಎಳೆಯುವುದೇ ಸಮಂಜಸ.

ತಳಿಯ ಪ್ರಶ್ನೆಯನ್ನೂ ಮುಚ್ಚಿಡಬೇಕಿಲ್ಲ. ಜಿಲ್ಲೆಯಲ್ಲಿ ವ್ಯಾಪಕವಾಗಿ ಬೆಳೆಯುವ ಎಂಓ-4 ಕೇರಳದ ಮಂಕೊಂಬು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡದ್ದು. ಡೌರೊದ ಪ್ರಮುಖ ದ್ರಾಕ್ಷಿಗಳಲ್ಲೊಂದಾದ ತಿಂತಾ ರೊರಿಜ್ ಕೂಡ ಸ್ಪೇನ್‌ನ ತೆಂಪ್ರನಿಯೊ ಎಂಬ ತಳಿಯೇ. ತಳಿ ಹೊರಗಿನದಾದರೂ ನೆಲ, ನೀರು, ಮಾಡುವ ಕ್ರಮಗಳು ಇಲ್ಲಿಯವೆಂದು ತೋರಿಸಿದರೆ ಹೆಸರಿಗೆ ಅಡ್ಡಿಯಿಲ್ಲ. ಅದನ್ನು ಪರೀಕ್ಷೆಯಿಂದ ತೋರಿಸುವ ಸಾಮರ್ಥ್ಯ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕಿದೆ. ತಗ್ಗು ಗದ್ದೆಗಳಿಗೆ ಒಪ್ಪುವ ಸಹ್ಯಾದ್ರಿ ಪಂಚಮುಖಿ ತಳಿಯನ್ನು ಕೊಟ್ಟ ಕೇಂದ್ರವದು.

ದರ್ಜೆಯೊಂದೇ ರೈತನನ್ನು ಕಾಯುವುದೆಂಬ ಭ್ರಮೆಯೂ ಬೇಡ. ಡೌರೊದಲ್ಲಿ ಪೋರ್ಟ್ ವೈನ್ ತಯಾರಿಕೆಗೆ ನೀಡುವ ವಾರ್ಷಿಕ ಅನುಮತಿ 2024ರಲ್ಲಿ 90,000 ಪೀಪಾಯಿಗಳಿದ್ದದ್ದು 2025ರಲ್ಲಿ 75,000ಕ್ಕೆ ಇಳಿಯಿತು. ಒಂದು ಪೀಪಾಯಿ ಎಂದರೆ 550 ಲೀಟರ್. ನಮ್ಮ ಈ ಪದವೂ ಪೋರ್ಚುಗೀಸರಿಂದಲೇ ಬಂದದ್ದು. ಬೇಡಿಕೆ ಕುಗ್ಗಿದರೆ ಜಗತ್ಪ್ರಸಿದ್ಧ ಹೆಸರೂ ಬೆಳೆಗಾರನ ಕೈಬಿಡುತ್ತದೆ.

ಆದ್ದರಿಂದ ಕುಚ್ಚಲಕ್ಕಿಗಾಗಿ ಅರ್ಜಿ ಸಿದ್ಧವಾಗುವ ದಿನ ಬಂದಲ್ಲಿ, ಅದರ ಮೊದಲ ಸಾಲಿನಲ್ಲೇ ಎರಡು ಮಾತು ಸ್ಪಷ್ಟವಾಗಬೇಕು. ಇಲ್ಲಿ ಬೆಳೆದು ಇಲ್ಲೇ ಬೆಂದ ಅಕ್ಕಿಗೆ ಮಾತ್ರ ಊರಿನ ಹೆಸರು. ಹೊರಗಿನ ಭತ್ತದಿಂದ ಇಲ್ಲಿ ತಯಾರಾದ ಅಕ್ಕಿಯನ್ನು ಮಾರಲು ಅಡ್ಡಿಯಿಲ್ಲ, ಆದರೆ ಅದಕ್ಕೆ ಆ ಹೆಸರಿಲ್ಲ. ಕಾಯ್ದೆಯ ಪ್ರಕಾರ ಅರ್ಜಿದಾರರು ಉತ್ಪಾದಕರ ಹಿತವನ್ನು ಪ್ರತಿನಿಧಿಸಬೇಕು. ಆ ಉತ್ಪಾದಕರ ಸಾಲಿನಲ್ಲಿ ಬೈಲಿನ ರೈತನಿಗೆ ಮೊದಲ ಸ್ಥಾನ ದೊರೆಯುವಂತೆ ನೋಡಿಕೊಳ್ಳುವುದು ಜಿಲ್ಲಾಡಳಿತ ಮತ್ತು ಕೃಷಿ ಇಲಾಖೆಯ ಹೊಣೆ.