ಕಾಪುವಿನ ಬಂಡೆ, ಕಪಿಲೆಯ ಮಕ್ಕಳು

“ಸಾರ್, ನಾವು ಕಪಿಲೇಲಿ ಈಜಿದೋರು. ನಮಗೇನೂ ಆಗಲ್ಲ.”

ಕಾಪುವಿನ ಕಡಲ ದಡದಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಅಂಗಿ ಬಿಚ್ಚುತ್ತ ನನಗೆ ಹೇಳಿದ ಮಾತಿದು. ನಂಜನಗೂಡಿನ ಸ್ನಾನಘಟ್ಟ, ತಿರುಮಕೂಡಲಿನ ಸಂಗಮ ನೋಡಿ ಬೆಳೆದ ಮಕ್ಕಳಿಗೆ ನೀರೆಂದರೆ ಭಯವಿಲ್ಲ. ಅಂದು ನನಗೂ ಇರಲಿಲ್ಲ ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಾಪು ಉಡುಪಿಯ ದಕ್ಷಿಣಕ್ಕಿರುವ ಹಳೆಯ ಊರು. ಅದರ ಕಡಲಂಚಿನಲ್ಲಿ ಮೊಗವೀರರ ಮನೆಗಳು, ತೆಂಗಿನ ಸಾಲು, ಮರಳ ಮೇಲೆ ಎಳೆದಿಟ್ಟ ದೋಣಿಗಳು. ನೀರಿನಂಚಿನಲ್ಲೇ ಕಡಿದಾದ ಕರಿಬಂಡೆ, ಅದರ ನೆತ್ತಿಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ. ಮೆಟ್ಟಿಲು ಹತ್ತಿ ಮೇಲೆ ನಿಂತರೆ ಒಂದು ಕಡೆ ತೆಂಗಿನ ತೋಟದ ಹಸಿರು, ಇನ್ನೊಂದು ಕಡೆ ಮುಗಿಯದ ನೀಲಿ.

ದೀಪವನ್ನು ಬಂಡೆಯ ಮೇಲೇ ಏಕೆ ಇಟ್ಟರು? ಮಕ್ಕಳಿಗೆ ಲೆಕ್ಕ ಕೊಟ್ಟೆ. ನಮ್ಮ ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವೆಂದು ಸುಮಾರಾಗಿ ತಿಳಿಯುತ್ತದೆ. ಮರಳ ಮೇಲೆ ನಿಂತ ಹುಡುಗನ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅವನಿಗೆ ಕಾಣುವುದು 4.4 ಕಿಲೋಮೀಟರ್ ಮಾತ್ರ. 30 ಮೀಟರ್ ಮೇಲೇರಿದರೆ 19.5 ಕಿಲೋಮೀಟರ್! ಭೂಮಿ ದುಂಡಗಿದೆ ಎನ್ನುವುದಕ್ಕೆ ಇದಕ್ಕಿಂತ ಸುಲಭ ಪಾಠ ಬೇಕೆ?

ಕೆಳಗೆ ಕೆಲವರು ಕೈರಂಪಣಿ ಬಲೆ ಎಳೆಯುತ್ತಿದ್ದರು. ಹಿಂದೆ ಇದಕ್ಕಿಂತ ಬಹುದೊಡ್ಡ ರಂಪಣಿ ಬಲೆಯನ್ನು ಊರವರೆಲ್ಲ ಕೂಡಿ ಎಳೆಯುತ್ತಿದ್ದರಂತೆ. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು ಆ ಪದ್ಧತಿ ಮೂಲೆ ಸೇರಿತು.

ನಮ್ಮ ಹುಡುಗರು ನೀರಿಗಿಳಿಯಲು ಹಟ ಹಿಡಿದದ್ದು ಆಗಲೇ. ನಾನೂ ಸುತ್ತ ನೋಡಿದೆ. ಎಲ್ಲೆಡೆ ಅಲೆಗಳು ನೊರೆಯಾಗಿ ಒಡೆಯುತ್ತಿದ್ದವು. ಬಂಡೆಯ ಮಗ್ಗುಲಲ್ಲಿ ಮಾತ್ರ ಅಲೆಯೇ ಇಲ್ಲದೆ ನೀರು ಸ್ತಬ್ಧವಾಗಿತ್ತು. “ಮೊಣಕಾಲುದ್ದ ಮಾತ್ರ, ಅಲ್ಲಿ ಇಳಿಯಿರಿ” ಎಂದುಬಿಟ್ಟೆ. ನೊರೆಯೆದ್ದು ಹರಿಯುವಲ್ಲಿ ಇಳಿಯಬೇಡ ಎಂದು ನದಿ ಕಲಿಸಿದ್ದ ಪಾಠ ಅದು.

ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ಹಗ್ಗ ಬಿಟ್ಟು ಓಡಿಬಂದರು. “ಬೇಡ ಮಾಷ್ಟ್ರೇ, ಅಲ್ಲಿ ನೀರು ಎಳೀತದೆ!” ಎನ್ನುತ್ತಲೇ ಒಂದು ಒಣ ತೆಂಗಿನ ಸಿಪ್ಪೆಯನ್ನು ಆ ಸ್ತಬ್ಧ ನೀರಿಗೆ ಎಸೆದರು. ಅದು ದಡಕ್ಕೆ ಬರಲಿಲ್ಲ. ನೋಡನೋಡುತ್ತಿದ್ದಂತೆ ಬಂಡೆಯ ಪಕ್ಕದಲ್ಲೇ ಜಾರಿ ಕಡಲಿನತ್ತ ಹೊರಟುಹೋಯಿತು. ಅಂಗಿ ಬಿಚ್ಚಿದ್ದ ಹುಡುಗ ಸದ್ದಿಲ್ಲದೆ ಅಂಗಿ ತೊಟ್ಟುಕೊಂಡ. ನನ್ನ ಕೈಕಾಲು ತಣ್ಣಗಾಗಿದ್ದವು.

ಇದರ ವಿಜ್ಞಾನ ಸರಳ. ಅಲೆಗಳು ದಡಕ್ಕೆ ತಂದ ನೀರು ಹಿಂದಿರುಗಲೇಬೇಕು. ಅದು ಬಂಡೆಯ ಪಕ್ಕದಲ್ಲೋ ಮರಳ ದಿಬ್ಬಗಳ ನಡುವೆಯೋ ಒಂದು ಕಾಲುವೆ ಕೊರೆದುಕೊಂಡು ಒಟ್ಟಾಗಿ ಹೊರಗೆ ಧಾವಿಸುತ್ತದೆ. ಅಲೆ ಒಡೆಯುವುದು ನೀರು ತೆಳುವಾದಲ್ಲಿ. ಕಾಲುವೆಯಲ್ಲಿ ಆಳ ಹೆಚ್ಚು, ಆದ್ದರಿಂದ ಅಲ್ಲಿ ನೊರೆ ಕಡಿಮೆ, ನೋಟಕ್ಕೆ ಶಾಂತ. ಇದಕ್ಕೆ ‘ರಿಪ್ ಕರೆಂಟ್’ ಎಂದು ಹೆಸರು. ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರನ ವೇಗವೂ ಸುಮಾರು ಅಷ್ಟೇ. ಎದುರಾಗಿ ಈಜಿ ಗೆಲ್ಲುವೆನೆಂಬುದು ಭ್ರಮೆ. ಸಿಕ್ಕಿಬಿದ್ದವರು ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡದ ಕಡೆ ತಿರುಗಬೇಕು.

2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ತೆಂಗಿನ ಸಿಪ್ಪೆ.

ಪೋಷಕರಲ್ಲಿ ಒಂದು ಮನವಿ. ಮಕ್ಕಳನ್ನು ಪ್ರವಾಸಕ್ಕೆ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಕಡಲು ಕಾಣದ ಮಗುವಿಗೆ ಭೂಗೋಳ ಅರ್ಧವೇ ತಿಳಿದಂತೆ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೇಷ್ಟ್ರನ್ನು ಕೇಳಿ: ನೀರಿಗೆ ಇಳಿಸುತ್ತೀರಾ? ಎಲ್ಲಿ? ಜೀವರಕ್ಷಕರಿದ್ದಾರೆಯೇ? ನಮ್ಮಂಥವರಿಗೆ ಅದರಿಂದ ಬೇಸರವಾಗುವುದಿಲ್ಲ, ಎಚ್ಚರವಾಗುತ್ತದೆ.

ವಿದ್ಯಾರ್ಥಿಗಳೇ, ನಮ್ಮ ಕಪಿಲೆ ವಯನಾಡಿನಲ್ಲಿ, ಪಶ್ಚಿಮದ ಕಡಲಿಗೆ ಅಷ್ಟು ಹತ್ತಿರದಲ್ಲಿ ಹುಟ್ಟಿದರೂ ಅದಕ್ಕೆ ಬೆನ್ನು ಮಾಡಿ ಹರಿಯುತ್ತಾಳೆ. ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ ಪೂರ್ವದ ಕಡಲು ಸೇರುತ್ತಾಳೆ. ಕಪಿಲೆಯಲ್ಲಿ ಕಲಿತ ಈಜು ಕಾಪುವಿನಲ್ಲಿ ಸಾಲದು. ಕಡಲನ್ನೇ ನಂಬಿ ಬದುಕುವವರ ಯಾಂತ್ರಿಕ ದೋಣಿಗಳೂ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದಡದಲ್ಲೇ ನಿಲ್ಲುತ್ತವೆ. ಹೊಸ ನೀರಿನೆದುರು ನಿಂತಾಗ ಮೊದಲು ಆ ಊರಿನವರನ್ನು ಕೇಳಿ. ಬಿ.ಎಸ್ಸಿ., ಬಿ.ಎಡ್. ಓದಿದ ನನಗೆ ಅಂದು ಪಾಠ ಹೇಳಿದವರು ಬಲೆ ಎಳೆಯುವ ಮೇಷ್ಟ್ರು.