ಐದು ಲೀಟರಿನ ಹವ್ಯಾಸ, ಐದು ಲೀಟರಿನ ಅಪರಾಧ

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳನ್ನು ಸೇರುವ ಪತ್ರಿಕೆಯಿದು. ಇದರಲ್ಲಿ ಮದ್ಯ ತಯಾರಿಸಿದ ಕಥೆಯನ್ನು ಬರೆಯುವುದು ಸರಿಯೇ ಎಂದು ಎರಡು ವಾರ ಯೋಚಿಸಿದೆ. ಕೊನೆಗೆ ಬರೆಯುವಂತೆ ಮಾಡಿದ್ದು ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನ ಪ್ರಶ್ನೆ.

"ಅಪ್ಪಾ, ಕಾಕಾನ ಮನೆಯಲ್ಲಿ ನೀವು ಮಾಡಿದ್ದನ್ನು ನಮ್ಮ ಮರಿಕಲ್‌ನಲ್ಲಿ ಮಾಡಿದರೆ ಏನಾಗುತ್ತದೆ?"

"ಅಬಕಾರಿಯವರು ಹಿಡಿಯುತ್ತಾರೆ" ಎಂದೆ.

"ಹಾಗಾದರೆ ಅಲ್ಲಿ ಯಾಕೆ ಹಿಡಿಯಲಿಲ್ಲ?"

ಇಪ್ಪತ್ತು ವರ್ಷ ವಕೀಲಿ ಮಾಡಿದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಈ ವಾರದ ಅಂಕಣ ಆ ಉತ್ತರದ ಹುಡುಕಾಟ.

ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ತಮ್ಮನ ಒತ್ತಾಯಕ್ಕೆ ಮಣಿದು ಐದು ವಾರ ಇಂಗ್ಲೆಂಡಿನಲ್ಲಿದ್ದೆ. ಅವನಿರುವುದು ಹಿಯರ್‌ಫರ್ಡ್‌ಶೈರ್ ಎಂಬ ಸೀಮೆಯಲ್ಲಿ. ನಮ್ಮ ಮಹಬೂಬನಗರದ ಸೀಮೆಗೆ ಸೀತಾಫಲ ಹೇಗೋ ಆ ಸೀಮೆಗೆ ಸೇಬು ಹಾಗೆ. ಸೇಬಿನ ರಸವನ್ನು ಹುದುಗಿಸಿ ಮಾಡುವ ಪಾನೀಯಕ್ಕೆ ಅಲ್ಲಿ ಸೈಡರ್ ಎಂದು ಹೆಸರು. ತಮ್ಮನ ಹಿತ್ತಿಲಿನ ಎರಡು ಮರಗಳ ಕೆಳಗೆ ಹಣ್ಣು ಉದುರಿ ಕೊಳೆಯುತ್ತಿದ್ದವು. "ಅಣ್ಣಾ, ಸುಮ್ಮನೆ ಕುಳಿತು ಬೇಸರ ಮಾಡಿಕೊಳ್ಳಬೇಡ, ಸೈಡರ್ ಮಾಡೋಣ ಬಾ" ಎಂದು ಕರೆದ. ನಾನು ಕುಡಿಯುವವನಲ್ಲ, ಆದರೂ ಮಾಡುವ ವಿದ್ಯೆಯಲ್ಲಿ ಕುತೂಹಲ ಹುಟ್ಟಿತು.

ಈ ವಿದ್ಯೆಯಲ್ಲಿ ಮುಕ್ಕಾಲು ಪಾಲು ಪಾತ್ರೆ ತೊಳೆಯುವುದೇ ಎಂಬುದು ಮೊದಲ ದಿನವೇ ತಿಳಿಯಿತು. ಗಾಜಿನ ಜಾಡಿ, ಕೊಳವೆ, ಮುಚ್ಚಳ ಎಲ್ಲವನ್ನೂ ಮೊದಲು ಸೋಪಿನಲ್ಲಿ, ಅನಂತರ ಕ್ರಿಮಿನಾಶಕ ದ್ರಾವಣದಲ್ಲಿ ತೊಳೆಯಬೇಕು. ಹತ್ತು ಕಿಲೋ ಹಣ್ಣನ್ನು ಹೆಚ್ಚಿ, ಜಜ್ಜಿ, ಮರದ ಒತ್ತುಯಂತ್ರದಲ್ಲಿ ಹಿಂಡಿದಾಗ ಸಿಕ್ಕಿದ ರಸ ಸುಮಾರು ಐದು ಲೀಟರ್. ಅದರಲ್ಲಿ ತಾನಾಗಿಯೇ ಸೇರಿರುವ ಬೇಡದ ಸೂಕ್ಷ್ಮಜೀವಿಗಳನ್ನು ಅಡಗಿಸಲು ಒಂದು ಸಲ್ಫೈಟ್ ಮಾತ್ರೆ ಹಾಕಿ ಒಂದು ದಿನ ಕಾದೆವು. ಮರುದಿನ ಯೀಸ್ಟ್ ಬೆರೆಸಿ, ಜಾಡಿಯ ಬಾಯಿಗೆ ನೀರು ತುಂಬಿದ ಬಾಗುಕೊಳವೆಯನ್ನು ಸಿಕ್ಕಿಸಿದೆವು. ಒಳಗಿನ ಅನಿಲ ಗುಳ್ಳೆಗಳಾಗಿ ಹೊರಗೆ ಹೋಗಬೇಕು. ಹೊರಗಿನ ಗಾಳಿ ಒಳಗೆ ಬರಬಾರದು. ಅದಷ್ಟೇ ಆ ಕೊಳವೆಯ ಕೆಲಸ.

ಮೊದಲ ರಾತ್ರಿ ಒಂದು ಗುಳ್ಳೆಯೂ ಏಳಲಿಲ್ಲ. ಮರುದಿನವೂ ಇಲ್ಲ. ನಾನು ಮುಚ್ಚಳ ತೆರೆದು ನೋಡಲು ಹೋಗಿ ತಮ್ಮನಿಂದ ಬೈಸಿಕೊಂಡೆ. ಮೂರನೆಯ ದಿನ ಬೆಳಗಿನ ಜಾವ ಅಡುಗೆಮನೆಯಿಂದ "ಗುಳುಕ್" ಎಂಬ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಜಾಡಿಯ ಮೇಲೆ ನೊರೆ, ಕೊಳವೆಯಲ್ಲಿ ಗುಳ್ಳೆಗಳ ಸಾಲು. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೊಹಾಲನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಕಣ್ಣಾರೆ ಕಂಡದ್ದು ನಲವತ್ತು ದಾಟಿದ ಮೇಲೆ.

ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕೊಳವೆಯೊಂದಿದೆ. ರಸದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಮೇಲೆ ತೇಲುತ್ತದೆ, ಸಕ್ಕರೆ ಕರಗಿ ಆಲ್ಕೊಹಾಲಾದಂತೆ ಕೆಳಗಿಳಿಯುತ್ತದೆ. ಮೊದಲ ದಿನ ಅದು 1.050 ತೋರಿಸಿತ್ತು. 1.000ಕ್ಕೆ ಇಳಿದಾಗ ಹುದುಗುವಿಕೆ ಹೆಚ್ಚುಕಡಿಮೆ ಮುಗಿಯಿತೆಂದೂ ಆಲ್ಕೊಹಾಲು ಶೇಕಡಾ ಆರೂವರೆಯಷ್ಟಾಯಿತೆಂದೂ ಲೆಕ್ಕ. ಜಾಡಿಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗಿನಿಂದಲೇ ಓದಿ ಹೇಳುವ ಈ ಉಪಕರಣವನ್ನು ಮರೆಯಬೇಡಿ. ಮುಂದೆ ಅದರ ಮಾತು ಬರುತ್ತದೆ.

ನಡುವೆ ಬಿಯರನ್ನೂ ಮಾಡಿದೆವು. ಬಾರ್ಲಿಯನ್ನು ಮೊಳಕೆ ಬರಿಸಿ ತೆಗೆದ ಪಾಕದ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಬಿಸಿನೀರು, ಸಕ್ಕರೆ, ಯೀಸ್ಟ್ ಸೇರಿಸಿದರೆ 23 ಲೀಟರ್. ಕಾಳಿನ ಪಿಷ್ಟವನ್ನು ಯೀಸ್ಟ್ ನೇರವಾಗಿ ತಿನ್ನಲಾರದು. ಕಾಳು ಮೊಳೆತಾಗ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ನಮ್ಮ ತಾಯಂದಿರು ಕೂಸಿಗೆ ಕುಡಿಸುವ ರಾಗಿ ಮಾಲ್ಟಿನ ಗುಟ್ಟೂ ಇದೇ. ನಮ್ಮ ಬಿಯರು ಕುಡಿಯಲು ಯೋಗ್ಯವಾಗಿತ್ತೆಂದು ತಮ್ಮನ ಗೆಳೆಯರು ಹೇಳಿದರು. ಒಂದು ಗುಟುಕು ನೋಡಿದ ನನಗೆ ಕಹಿಬೇವಿನ ಕಷಾಯದ ನೆನಪಾಯಿತು.

ಸೈಡರಿನಲ್ಲಿ ಮಾತ್ರ ಎಡವಿದೆ. ನಾನು ಹೊರಡುವ ದಿನ ಹತ್ತಿರ ಬಂದಿತ್ತು. ಹೈಡ್ರೋಮೀಟರು ಇನ್ನೂ 1.010ರಲ್ಲಿತ್ತು. "ಇಷ್ಟೇ ಸಾಕು, ಬಾಟಲಿಗೆ ತುಂಬೋಣ" ಎಂದು ಹಟ ಹಿಡಿದೆ. ತಮ್ಮ ಬೇಡವೆಂದ; ಅಣ್ಣನ ಮಾತನ್ನು ಮೀರಲಾರದೆ ಸುಮ್ಮನಾದ. ನೊರೆ ಬರಲೆಂದು ಪ್ರತಿ ಬಾಟಲಿಗೂ ಅರ್ಧ ಚಮಚ ಸಕ್ಕರೆ ಬೇರೆ ಹಾಕಿದೆ. ಉಳಿದಿದ್ದ ಸಕ್ಕರೆಗೆ ಹೊಸ ಸಕ್ಕರೆ ಸೇರಿ, ಬಿರಡೆಯ ಒಳಗೇ ಹುದುಗು ಮುಂದುವರಿಯಿತು. ಡಿಸೆಂಬರಿನ ಒಂದು ರಾತ್ರಿ ಉಗ್ರಾಣದಲ್ಲಿ ನಾಲ್ಕು ಬಾಟಲಿಗಳು ಒಂದರ ಹಿಂದೆ ಒಂದು ಸಿಡಿದವು. ಗಾಜಿನ ಚೂರುಗಳು ಬಾಗಿಲಿಗೆ ನಾಟಿಕೊಂಡಿರುವ ಚಿತ್ರವನ್ನು ತಮ್ಮ ಕಳಿಸಿದ. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಆ ಚಿತ್ರವನ್ನು ನೋಡಿಯೇ ನನ್ನ ಮಗ ಆ ಪ್ರಶ್ನೆ ಕೇಳಿದ್ದು.

ಈಗ ಕಾನೂನಿನ ಮಾತು. ಇಂಗ್ಲೆಂಡಿನಲ್ಲಿಯೂ ಮನೆಯಲ್ಲಿ ಬಿಯರ್ ತಯಾರಿಸಲು ಹಿಂದೆ ಪರವಾನಗಿ ಬೇಕಿತ್ತು. 1963ರ ಬಜೆಟ್ಟಿನಲ್ಲಿ ಅಲ್ಲಿನ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1978ರ ಕಾನೂನು ಮನೆಯ ಬಳಕೆಗೆ ಇಂತಿಷ್ಟು ಬಿಯರ್ ಮಾಡಿಕೊಳ್ಳಲು ಅನುಮತಿ ನೀಡಿತು. ಅಲ್ಲೆಲ್ಲ ಗೆರೆಯನ್ನು ಎಳೆದಿರುವುದು ಮಾರಾಟದ ಬಳಿ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮದ್ಯದ ವಿಷಯ ರಾಜ್ಯಪಟ್ಟಿಗೆ ಸೇರಿದೆ. 47ನೆಯ ಅನುಚ್ಛೇದವು ಮದ್ಯವನ್ನು ನಿಷೇಧಿಸುವತ್ತ ಸಾಗಬೇಕೆಂದು ಸರಕಾರಕ್ಕೆ ನಿರ್ದೇಶಿಸುತ್ತದೆ. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಕರ್ನಾಟಕದ ಖೋಡೆ ಡಿಸ್ಟಿಲರೀಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮಲ್ಲಿ ಜಾರಿಯಲ್ಲಿರುವುದು 1968ರ ಅಬಕಾರಿ ಕಾಯಿದೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅದರ 34ನೆಯ ಕಲಮಿನಡಿ ಅಪರಾಧ. "ಹವ್ಯಾಸಕ್ಕೆ ಮಾಡಿದೆ" ಎಂಬುದು ಪ್ರತಿವಾದವಾಗಲಾರದು. ಇದನ್ನು ಓದಿ ಯಾರಾದರೂ ಮನೆಯಲ್ಲಿ ಜಾಡಿ ಹೂಡಿದರೆ ವಕೀಲನಾಗಿ ನಾನೂ ಬಿಡಿಸುವುದು ಕಷ್ಟ.

ಮಗನಿಗೆ ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ 34ನೆಯ ಕಲಮು ಎಂದು ಬಾಯಲ್ಲಿ ಬಂದ ಕೂಡಲೇ ಹಳೆಯ ಕಡತವೊಂದು ನೆನಪಾಯಿತು.

2006ರ ಮಾರ್ಚ್. ನಾನಿನ್ನೂ ಹಿರಿಯ ವಕೀಲರ ಕೈಕೆಳಗಿದ್ದೆ. ಕೃಷ್ಣಾ ನದಿಯ ಬದಿಯ ಹಳ್ಳಿಯೊಂದರ ವಿಧವೆಯನ್ನು ಅಬಕಾರಿಯವರು ಹಿಡಿದು ತಂದಿದ್ದರು. ಪಂಚನಾಮೆಯಲ್ಲಿದ್ದದ್ದು ಎರಡು ಸಾಲು: ಐದು ಲೀಟರ್ ನಾಟು ಸಾರಾಯಿ ವಶ, ಒಂದು ಕೊಡ ಬೆಲ್ಲದ ಕೊಳೆ ಸ್ಥಳದಲ್ಲಿಯೇ ನಾಶ. ಜಾಮೀನು ಸಿಗಲು ಹನ್ನೊಂದು ದಿನ ಹಿಡಿಯಿತು. ಜಾಮೀನುದಾರರಾಗಿ ನಿಲ್ಲಲು ಜಮೀನಿರುವವರು ಯಾರೂ ಮುಂದೆ ಬರಲಿಲ್ಲ. ಆಕೆ ನನ್ನನ್ನು ಕೇಳಿದ್ದು ಒಂದೇ ಮಾತು: "ವಕೀಲ ಸಾಹೇಬ್ರ, ನಮ್ಮ ಹುಡುಗನ ಪರೀಕ್ಷಿ ಐತ್ರೀ. ನಾ ಯಾವಾಗ ಮನಿಗೆ ಹೋಗ್ತೀನ್ರೀ?"

ಹುಡುಗ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದ. ತಾಯಿ ಜೈಲಿನಲ್ಲಿದ್ದ ಹನ್ನೊಂದು ದಿನಗಳಲ್ಲಿ ಪರೀಕ್ಷೆ ಮುಗಿದುಹೋಯಿತು. ಮೂರು ವರ್ಷಗಳ ಬಳಿಕ ಪಂಚರಿಬ್ಬರೂ "ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು" ಎಂದು ಸಾಕ್ಷಿ ನುಡಿದರು, ಆಕೆ ಖುಲಾಸೆಯಾದಳು. ನನಗೆ ಗೆದ್ದ ಸಂತೋಷ. ಹೊರಗೆ ಬಂದಾಗ ಜೊತೆಯಲ್ಲಿ ಒಬ್ಬ ಯುವಕ ನಿಂತಿದ್ದ. ಕೈಯಲ್ಲಿ ಸಿಮೆಂಟಿನ ಬಿರುಕು. ಅವನೇ ಆ ಹುಡುಗ. ಮರಳಿ ಶಾಲೆಗೆ ಹೋಗಿರಲಿಲ್ಲ. ಜಾಮೀನಿನ ಅರ್ಜಿಯನ್ನು ತಪ್ಪಿಲ್ಲದೆ ಬರೆದಿದ್ದ ನಾನು ಆ ಹನ್ನೊಂದು ದಿನಗಳಲ್ಲಿ ಒಮ್ಮೆಯೂ ಅವನ ಶಾಲೆಯ ಕಡೆ ಹೋಗಿರಲಿಲ್ಲ, ಒಂದು ಕಾಗದವನ್ನೂ ಬರೆದಿರಲಿಲ್ಲ.

ಬೆಲ್ಲದ ಕೊಳೆ ಎಂದರೇನೆಂದು ಆಗ ನನಗೆ ಗೊತ್ತಿರಲಿಲ್ಲ. ತಮ್ಮನ ಅಡುಗೆಮನೆಯಲ್ಲಿ ಆ ನೊರೆಯನ್ನು ನೋಡಿದಾಗ ಅರ್ಥವಾಯಿತು. ಆಕೆಯ ಕೊಡದಲ್ಲಿದ್ದದ್ದೂ ಅದೇ ಯೀಸ್ಟ್, ಅದೇ ಗುಳ್ಳೆ, ಅದೇ ವಾಸನೆ. ನಮ್ಮ ಮಂಡಲದ ಚಿತ್ತನೂರಿನಲ್ಲಿ ಎಥೆನಾಲ್ ಕಾರ್ಖಾನೆ ಬಂದು, 2023ರಲ್ಲಿ ಸುತ್ತಲಿನ ಹಳ್ಳಿಗಳವರು ಅದನ್ನು ವಿರೋಧಿಸಿ ಹೋರಾಡಿದ್ದು ನಿಮಗೆಲ್ಲ ತಿಳಿದದ್ದೇ. ಅಲ್ಲಿಯೂ ದುಡಿಯುವುದು ಯೀಸ್ಟೇ. ಕಾರ್ಖಾನೆಗೆ ಪರವಾನಗಿಯಿದೆ, ತಮ್ಮನಿಗೆ ಅದು ಬೇಕಿಲ್ಲ, ಆಕೆಗೆ ಅದು ಎಂದೂ ಸಿಗುವಂಥದ್ದಲ್ಲ.

ಹಾಗಾದರೆ ಕಾನೂನೇ ತಪ್ಪೇ? ಹಾಗೆ ಹೇಳಲಾರೆ. ತಮ್ಮ ಹುದುಗಿಸಿ ನಿಲ್ಲಿಸಿದ. ಆಕೆ ಹುದುಗಿಸಿದ್ದನ್ನು ಕಾಯಿಸಿ ಭಟ್ಟಿ ಇಳಿಸಿದಳು, ಮಾರಿದಳು. ಭಟ್ಟಿಯಿಂದ ಮಾರಾಟದವರೆಗಿನ ದಾರಿಯಲ್ಲಿ ಪಾತ್ರೆಗೆ ಏನೇನು ಸೇರುತ್ತದೆಂದು ಕುಡಿಯುವವನಿಗೆ ತಿಳಿಯುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2024ರ ಜೂನಿನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಪರವಾನಗಿಯಿರುವ ಸೇಂದಿ ಅಂಗಡಿಯೂ ನಿಶ್ಚಿಂತೆಯ ಸ್ಥಳವಲ್ಲ. ಮರದಿಂದ ಇಳಿಸಿದ ಸೇಂದಿ ಸಾಲದಾದಾಗ ನೀರಿಗೆ ಅಲ್ಪ್ರಾಜೋಲಾಮ್, ಡಯಾಜೆಪಾಮ್, ಕ್ಲೋರಲ್ ಹೈಡ್ರೇಟುಗಳನ್ನು ಬೆರೆಸಿ ಮಾರುವ ಪಿಡುಗು ನಮ್ಮ ಸೀಮೆಗೆ ಹೊಸದಲ್ಲ. 2015ರಲ್ಲಿ ಸರಕಾರ ಇದನ್ನು ಬಿಗಿಯಾಗಿ ತಡೆದಾಗ, ಆ ಮತ್ತಿಗೆ ಒಗ್ಗಿದ್ದವರು ಕೈಕಾಲು ನಡುಗುತ್ತ, ಅಸಂಬದ್ಧವಾಗಿ ಮಾತನಾಡುತ್ತ ಆಸ್ಪತ್ರೆಗಳಿಗೆ ಬಂದರು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಮತ್ತೆ ಪ್ರಾಣಗಳನ್ನು ತೆಗೆಯಿತು.

ಆದುದರಿಂದ ಮಗನಿಗೆ ನಾನು ಕೊಟ್ಟ ಉತ್ತರ ಇದು: "ಕಾಕಾನ ಜಾಡಿಯಲ್ಲಿ ಏನಿದೆ ಎಂಬುದನ್ನು ಹೈಡ್ರೋಮೀಟರು ಹೇಳುತ್ತಿತ್ತು, ಕುಡಿಯುವವರೂ ಮಾಡಿದವರೇ ಆಗಿದ್ದರು. ಇಲ್ಲಿ ಒಬ್ಬ ಮಾಡುತ್ತಾನೆ, ಇನ್ನೊಬ್ಬ ಮಾರುತ್ತಾನೆ, ಏನೂ ತಿಳಿಯದವನು ಕುಡಿಯುತ್ತಾನೆ. ಅದಕ್ಕೇ ಕಾನೂನು ಬಿಗಿಯಾಗಿದೆ." ಅವನು ಒಪ್ಪಿದ. ನಾನು ಅವನಿಗೆ ಹೇಳದೆ ಉಳಿಸಿಕೊಂಡ ಇನ್ನೊಂದು ಮಾತಿದೆ; ಅದನ್ನು ಹಿರಿಯರಾದ ನಿಮಗೆ ಹೇಳುತ್ತೇನೆ. ಕೊಡದಲ್ಲಿ ಏನಿದೆ ಎಂದು ಕೇಳುವ ಕಾನೂನು, ಕೊಡ ಇದ್ದ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವುದಿಲ್ಲ. ಕೇಳಬೇಕಾದವರು ನಾವು: ವಕೀಲರು, ಮೇಷ್ಟ್ರುಗಳು, ನೆರೆಹೊರೆಯವರು.

ಆ ಹುಡುಗನ ಕಾಲದಲ್ಲಿ ಇಲ್ಲದಿದ್ದ ಆಸರೆ ಇಂದು ಇದೆ. 2010ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗು ಶಾಲೆ ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಮರಳಿ ಸೇರಿಸಿಕೊಳ್ಳಬೇಕು. ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಆಸರೆಗಳಲ್ಲಿ ಇನ್ನೊಂದು ಆಗಲೂ ಇತ್ತು, ನಾವು ಬಳಸಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಂತೆ ಯಾವುದೇ ಹೆಂಗಸಿಗೆ, ಯಾವುದೇ ಮಗುವಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ದೊರೆಯಬೇಕು. 15100 ಎಂಬ ಸಂಖ್ಯೆಗೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ನಿಮ್ಮ ಮಗುವಿನ ಪಕ್ಕದಲ್ಲಿ ಕೂರುತ್ತಿದ್ದ ಮಗು ನಾಲ್ಕು ದಿನ ಬಾರದಿದ್ದರೆ, ಕಾರಣ ಎಂಥದೇ ಇರಲಿ, ಆ ಮನೆಗೆ ಒಮ್ಮೆ ಹೋಗಿ ಬನ್ನಿ.

ಊರಿಗೆ ಬಂದ ಮೇಲೂ ಹುದುಗಿಸುವ ಹುಚ್ಚು ನನ್ನನ್ನು ಬಿಟ್ಟಿಲ್ಲ. ಈಗ ನನ್ನ ಗುರು ನಮ್ಮವ್ವ. ರಾತ್ರಿ ಜೋಳದ ಹಿಟ್ಟನ್ನು ಮಣ್ಣಿನ ಗಡಿಗೆಯಲ್ಲಿ ನೀರಿಗೆ ಕಲಸಿಡುತ್ತೇವೆ. ಬೆಳಗಿನ ಹೊತ್ತಿಗೆ ಅದು ಸಣ್ಣಗೆ ಹುಳಿ ಬಂದಿರುತ್ತದೆ. ಕುದಿಸಿ, ಆರಿಸಿ, ಮಜ್ಜಿಗೆ, ಉಪ್ಪು, ಹಚ್ಚಿದ ಉಳ್ಳಾಗಡ್ಡಿ ಸೇರಿಸಿದರೆ ಅಂಬಲಿ. ಇಲ್ಲಿ ಹುಳಿ ತರುವುದು ಮುಖ್ಯವಾಗಿ ಮೊಸರಿನ ಬಳಗದ ಬ್ಯಾಕ್ಟೀರಿಯಾ. ಅಬಕಾರಿಯವರು ಬಂದರೆ ಅವರಿಗೂ ಒಂದು ಲೋಟ ಕೊಡಬಹುದು. ಮೊದಲ ದಿನ ನಾನು ನಡುರಾತ್ರಿ ಎದ್ದು ಮುಚ್ಚಳ ತೆಗೆದು ಇಣುಕುತ್ತಿದ್ದೆ. ಅವ್ವ ಮಲಗಿದ್ದಲ್ಲಿಂದಲೇ ಹೇಳಿದಳು: "ಅವಸರ ಮಾಡಬ್ಯಾಡಪ್ಪ. ಅದು ತಾನಾಗೇ ಹುಳಿ ಬರ್ತದ."

ಮಗ ನಕ್ಕ. ಬಾಗಿಲಿಗೆ ನಾಟಿದ ಗಾಜಿನ ಚೂರು ಅವನಿಗೆ ನೆನಪಾಗಿರಬೇಕು.