ಉತ್ತರ ಬಂದಿಲ್ಲವೆಂದರೆ ಕೆಲಸ ಕೆಟ್ಟಿದೆ ಎಂದಲ್ಲ

ಅನುವಾದವನ್ನೋ ಪುಸ್ತಕದ ಮುಖಪುಟವನ್ನೋ ಕಳಿಸಿ ವಾರ ಕಳೆದಿರುತ್ತದೆ. ಅತ್ತಲಿಂದ ಒಂದು ಮಾತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೀಲಿ ಗೆರೆ ಮೂಡಿದೆ, ಅಷ್ಟೇ. ಕಚೇರಿಯಲ್ಲಿ ದುಡಿಯುವವರಾದರೆ ಪಕ್ಕದ ಮೇಜಿನವರನ್ನು ವಿಚಾರಿಸಿಯಾರು. ಮನೆಯಲ್ಲಿ ಒಬ್ಬರೇ ಕೂತು ದುಡಿಯುವ ಫ್ರೀಲ್ಯಾನ್ಸರ್‌ಗೆ ಆ ಅನುಕೂಲವಿಲ್ಲ. ಮನಸ್ಸು ತುಸು ಸೂಕ್ಷ್ಮವಾಗಿದ್ದರಂತೂ ಆ ಮೌನಕ್ಕೆ ಅವರೇ ಅರ್ಥ ಹಚ್ಚುತ್ತಾರೆ: ಕೆಲಸ ಹಿಡಿಸಿಲ್ಲ, ನನಗಿದು ಬರುವುದೇ ಇಲ್ಲ, ಇನ್ನು ಕರೆಯುವುದಿಲ್ಲ.

ಇಂಥ ಮನಸ್ಸನ್ನು ಅಮೆರಿಕದ ಮನೋವಿಜ್ಞಾನಿ ಎಲೇನ್ ಆರನ್ 1990ರ ದಶಕದಿಂದ ಅಧ್ಯಯನ ಮಾಡುತ್ತ ಬಂದಿದ್ದಾರೆ. ಅವರ ಅಂದಾಜಿನಲ್ಲಿ ನೂರಕ್ಕೆ 15ರಿಂದ 20 ಮಂದಿ ಹೀಗಿರುತ್ತಾರೆ. ಇದು ಕಾಯಿಲೆಯಲ್ಲ, ಹುಟ್ಟುಸ್ವಭಾವ. ದನಿಯಲ್ಲಿನ ಸಣ್ಣ ಏರಿಳಿತವೂ ಅವರನ್ನು ತಟ್ಟುತ್ತದೆ. ಒಳ್ಳೆಯ ಅನುವಾದಕಿಗೆ, ಚಿತ್ರಕಾರನಿಗೆ ಬೇಕಾದ ಗುಣವೂ ಅದೇ ಅಲ್ಲವೇ? ‘ಸಣ್ಣಪುಟ್ಟದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ’ ಎಂಬ ಸಲಹೆ ಆ ಗುಣವನ್ನೇ ಬಿಟ್ಟುಕೊಡಿ ಎಂದಂತೆ.

ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಅದನ್ನು ಬಿಟ್ಟುಕೊಡಲಿಲ್ಲ. 1905ರಿಂದ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ಗೆ ವಿಮರ್ಶೆ ಬರೆದು ಸಂಪಾದಿಸುತ್ತಿದ್ದ ಅವರಿಗೆ ಹಸ್ತಪ್ರತಿಯನ್ನು ಬೇರೆಯವರ ಕೈಗೊಪ್ಪಿಸುವುದೆಂದರೆ ಸಂಕಟ. 1917ರಲ್ಲಿ ಗಂಡ ಲಿಯೊನಾರ್ಡ್ ಜೊತೆ ಮನೆಯಲ್ಲೇ ಹೋಗಾರ್ತ್ ಪ್ರೆಸ್ ಆರಂಭಿಸಿದರು. 1922ರ ‘ಜೇಕಬ್ಸ್ ರೂಮ್’ನಿಂದ ಅವರ ಕಾದಂಬರಿಗಳೆಲ್ಲ ಇಂಗ್ಲೆಂಡಿನಲ್ಲಿ ಅಲ್ಲಿಂದಲೇ ಹೊರಬಂದವು. ಹಾಗೆಂದು ಅಳುಕು ಹೋಗಲಿಲ್ಲ. 1936ರಲ್ಲಿ ‘ದಿ ಇಯರ್ಸ್’ ಕಾದಂಬರಿಯ ಕರಡಚ್ಚು ತಿದ್ದುವಾಗ ಅದು ಪೂರ್ತಿ ಸೋತಿದೆ ಎಂದೇ ಅವರು ನಂಬಿದ್ದರು. ಲಿಯೊನಾರ್ಡ್ ಓದಿ, ಚೆನ್ನಾಗಿದೆ ಎಂದರು. (ಆಗ ತುಸು ಹೆಚ್ಚೇ ಹೊಗಳಿದ್ದನ್ನು ಅವರು ಮುಂದೆ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.) 1937ರಲ್ಲಿ ಪ್ರಕಟವಾದ ಆ ಪುಸ್ತಕ ಅಮೆರಿಕದಲ್ಲಿ ಭರ್ಜರಿಯಾಗಿ ಮಾರಾಟವಾಯಿತು. ವುಲ್ಫ್ ಅವರನ್ನು ಕಾಡಿದ ಮಾನಸಿಕ ಕಾಯಿಲೆ ಬೇರೆಯೇ ವಿಷಯ. ಅದನ್ನು ಸೂಕ್ಷ್ಮ ಸ್ವಭಾವದೊಂದಿಗೆ ಬೆರೆಸಬಾರದು. ಇಲ್ಲಿ ಗಮನಿಸಬೇಕಾದದ್ದು ಅವರು ಮಾಡಿಕೊಂಡ ಏರ್ಪಾಡನ್ನು: ನಂಬಿಕೆಯ ಒಬ್ಬ ಮೊದಲ ಓದುಗ, ತಮ್ಮದೇ ಅಚ್ಚುಮನೆ.

ಎಲ್ಲರಿಗೂ ಅಚ್ಚುಮನೆ ಸಾಧ್ಯವಿಲ್ಲ. ಆದರೆ ಭಾರತದ ಫ್ರೀಲ್ಯಾನ್ಸರ್‌ಗಳಿಗೆ ಆಸರೆಯಾಗುವ ಕಾನೂನೊಂದಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕೆಲಸ ಒಪ್ಪಿಸಿದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪ ಬರದಿದ್ದರೆ ಅದನ್ನು ಸ್ವೀಕರಿಸಿದಂತೆಯೇ ಲೆಕ್ಕ. ಅಂದರೆ ಯಾವ ಮೌನವನ್ನು ಸೂಕ್ಷ್ಮ ಮನಸ್ಸು ತಿರಸ್ಕಾರವೆಂದು ಓದುತ್ತದೋ ಅದನ್ನೇ ಕಾಯ್ದೆ ಒಪ್ಪಿಗೆ ಎನ್ನುತ್ತದೆ! ಲಿಖಿತ ಒಪ್ಪಂದವಿದ್ದರೂ ಹಣ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಇದಕ್ಕೆ ಸರ್ಕಾರದ ‘ಉದ್ಯಮ್’ ನೋಂದಣಿ ಅಗತ್ಯ. ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಆಗುತ್ತದೆ. ಕೆಲಸ ಹಿಡಿಯುವ ಮೊದಲೇ ಮಾಡಿಸಿಕೊಂಡಿದ್ದರೆ ಒಳ್ಳೆಯದು.

ಕಾಯ್ದೆ ಹಿಡಿದು ಹೋದರೆ ಮುಂದಿನ ಕೆಲಸ ಕೈತಪ್ಪೀತು ಎಂಬ ಭಯವೂ ಸುಳ್ಳಲ್ಲ. ಅದಕ್ಕೇ ಈ ಅಳುಕನ್ನು ನೀಗಿಸುವ ಹೊಣೆಯನ್ನು ಫ್ರೀಲ್ಯಾನ್ಸರ್ ಒಬ್ಬರ ತಲೆಗೇ ಕಟ್ಟುವುದು ಅನ್ಯಾಯ. ಪ್ರಕಾಶಕರು, ಪತ್ರಿಕೆಗಳು, ಕಂಪನಿಗಳು ಕೆಲಸ ಕೊಡುವ ಮೇಲ್‌ನಲ್ಲೇ ಮೂರು ಸಂಗತಿ ಬರೆಯಲಿ: ಕೆಲಸವನ್ನು ನೋಡುವವರು ಯಾರು, ಯಾವ ದಿನದೊಳಗೆ ಉತ್ತರಿಸುತ್ತಾರೆ, ಹಣ ಯಾವಾಗ. ಹಿಡಿಸದಿದ್ದರೆ ‘ಯಾಕೋ ಸರಿ ಬಂದಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗದೆ, ಯಾವ ಪುಟದ ಯಾವ ಸಾಲು ಎಂದು ತೋರಿಸಲಿ. ಅಷ್ಟು ತಿಳಿದರೆ ತಿದ್ದಿ ಕಳಿಸಲು ಫ್ರೀಲ್ಯಾನ್ಸರ್‌ಗೆ ಒಂದು ಸಂಜೆ ಸಾಕು.